ಅದು ಸಿಂಬೆಯಲ್ಲ

೧೯೩೮ರ ಕ್ರಿಸ್‌ಮಸ್ಸಿನ ಹಿಂದಿನ ದಿನ ನ್ಯಾಮತಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ರುದ್ರಯ್ಯ ಮೇಷ್ಟ್ರ ಪಕ್ಕದಲ್ಲೇ ಗೋವಿನಕೋವಿಯ ಬಂಗಾರಪ್ಪ ಕಡಲೆಕಾಯಿ ಪುಟ್ಟಿ ಇಳಿಸಿದ. ಅವನ ತಲೆಯ ಮೇಲೆ ಸರ್ವೆ ಸೊಪ್ಪಿನ ಹಸಿರು ಸುತ್ತೊಂದು ಚಪ್ಪಟೆಯಾಗಿ ಉಳಿದಿತ್ತು. ಮೊದಲೇ ಬಂದು ಕೂತಿದ್ದ ಅವನ ಹೆಂಡತಿ ಸಾವಂತ್ರಮ್ಮ ಅದನ್ನು ಎತ್ತಿ ನೋಡಿದಳು.

“ಇದನ್ಯಾಕೆ ತಲೆಗಿಟ್ರಿ?”

“ಪುಟ್ಟಿ ಕೆಳಗಿಡೋ ಸಿಂಬೆ ಅಂದ್ಕಂಡೆ.”

“ಸಿಂಬೆಗೆ ಯಾರಾದ್ರೂ ಕೆಂಪು ಹೂ ಕಟ್ತಾರೇನ್ರಿ?”

“ನಿಮ್ಮ ತೌರಿನ ಸಿಂಗಾರ ನನಗೇನು ಗೊತ್ತು?”

“ನರ್ಸ್ ರೂತಮ್ಮಗೆ ಅಂತ ಹೇಳಿದ್ನಲ್ರೀ. ನಾಳೆ ಅವರ ಹಬ್ಬ, ಬಾಗಿಲಿಗೆ ಇಂಥದ್ದು ಕಟ್ತಾರಂತೆ. ಮಗಳ ಹೆರಿಗೆಗೆ ಎರಡು ದಿನ ಕಣ್ಣು ಮುಚ್ಚದೆ ಕೂತಿದ್ರು ಅವರು.”

“ಬೇಲಿ ಕತ್ತರಿಸಿ ಎಸೆದ ಸೊಪ್ಪು ತಾನೆ? ಇನ್ನೊಂದು ಮಾಡು.”

“ಉಳಿದಿದ್ದನ್ನ ಆಡು ತಿಂದ್ವು. ಇದನ್ನೇ ಮೂರು ಸಲ ಬಿಚ್ಚಿ ಕಟ್ಟೀನಿ.”

ಆಕೆ ಮುರಿದ ಕಡ್ಡಿಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದಳು. ಅವು ಮತ್ತೆ ಬಾಗಿದವು.

“ಹಂಗೇ ಕೊಡಾನ ನಡಿ.”

“ಪುಟ್ಟಿ ಎತ್ಕಳ್ರಿ.”

ಬಂಗಾರಪ್ಪ ಹೆಗಲ ಮೇಲಿನ ಟವಲನ್ನು ಸುತ್ತಿ ತಲೆಗಿಟ್ಟುಕೊಂಡ.

“ಆ ಟವಲು ಮನೆಯಿಂದ ಬರೋವಾಗ ಇರ್ಲಿಲ್ವಾ?”

“ಇತ್ತು. ಹೊಸದಲ್ವಾ, ಹಾಳಾಗ್ತದೆ ಅಂತ...”

ಸಾವಂತ್ರಮ್ಮ ಪೂರ್ತಿ ಕೇಳಲಿಲ್ಲ. ಸುತ್ತನ್ನು ಸೆರಗಿನಲ್ಲಿ ಮರೆಮಾಡಿ ಆಸ್ಪತ್ರೆಯ ದಾರಿ ಹಿಡಿದಳು.