ಅರಿಜೋನಾಕ್ಕೆ ಹೊರಟ ಕ್ರೇಯಾನುಗಳು

ಹಾಗಲ್ಲ, ಹಾಗಲ್ಲ ಬ್ರಿಟ್ಟಾ! ಗಾಳಿ ಕಡಿಮೆ ಇಡು, ಬಿಸಿ ಜಾಸ್ತಿ ಇಡು. ಹೇರ್ ಡ್ರೈಯರ್‌ನಲ್ಲಿ ಅದಕ್ಕೆ ಬೇರೆ ಬೇರೆ ಗುಂಡಿ ಇದೆ ನೋಡು... ಬಣ್ಣ ಹಾರಿತಾ? ಗೋಡೆಗಾ? ಇರಲಿ ಬಿಡು. ಒಂದು ನೀಲಿ ಚುಕ್ಕೆ ತಾನೆ. ಗೋಡೆ ಏನೂ ಅಂದ್ಕೊಳ್ಳಲ್ಲ.

ಯಾಕೆ ನಗ್ತೀಯಾ? ನಾನು ತಮಾಷೆಗೆ ಹೇಳಲಿಲ್ಲ.

ಹೂಂ, ಹಲಗೆಯನ್ನ ಬಿಸ್ಕತ್ತಿನ ಡಬ್ಬಕ್ಕೆ ಒರಗಿಸು. ಇನ್ನೂ ಸ್ವಲ್ಪ ನೆಟ್ಟಗೆ. ಬಣ್ಣ ಕೆಳಗೆ ಇಳೀಬೇಕಲ್ಲ, ಪಕ್ಕಕ್ಕೆ ಹೋದ್ರೆ ಎಲ್ಲಾ ಸೇರಿ ಕಂದು ಆಗುತ್ತೆ. ಎಷ್ಟು ಬಣ್ಣ ಬೇಕಾದ್ರೂ ಹಾಕು, ಸೇರಿದ್ರೆ ಕಂದೇ. ಮೂವತ್ತೆರಡು ಕ್ರೇಯಾನು ಸಾಲಾಗಿ ಅಂಟಿಸೋಕೆ ನಮಗೆ ಒಂದು ಗಂಟೆ ಹಿಡೀತು. ಕರಗೋಕೆ ಹತ್ತು ನಿಮಿಷ. ಯಾವ ಕೆಲಸ ಆದ್ರೂ ಹಾಗೇ ಅನ್ನು.

ಆ ಹೊಸ ಪೆಟ್ಟಿಗೆ ಬೇಡ, ಅತ್ಲಾಗಿಡು. ಅದು ತೊಳೆದ್ರೆ ಹೋಗೋ ಕ್ರೇಯಾನು. ಅಂಗಡಿಯವನು ಒಳ್ಳೇದು ಅಂದ, ತಗೊಂಡೆ. ಅದು ಇಳಿಯೋದೇ ಇಲ್ಲ, ನಿಂತಲ್ಲೇ ಅಂಬಲಿ ಆಗುತ್ತೆ. ಅದಕ್ಕೇ ನಿನ್ನ ಒಂದನೇ ಕ್ಲಾಸಿನ ಹಳೇವನ್ನ ಹುಡುಕಿ ತೆಗೆದೆ. ಅರ್ಧಕ್ಕರ್ಧ ಕಚ್ಚಿದ್ದೀಯಾ. ಹಸಿರನ್ನ ಮಾತ್ರ ಯಾಕೆ ಕಚ್ತಿದ್ದೆ?... ಓ, ಸೇಬಿನ ರುಚಿ. ಸರಿ.

ಇದನ್ನ ಅಲ್ಲಿ ನಿನ್ನ ಹೊಸ ಕೋಣೇಲಿ ಹಾಕ್ಕೋ. ಬಿಸಿಲು ಬೀಳೋ ಗೋಡೆಗೆ ಮಾತ್ರ ಹಾಕ್ಬೇಡ. ಅರಿಜೋನಾ ಅಂದ್ರೆ ಇಲ್ಲಿನ ಹಾಗಲ್ಲ. ಇಲ್ಲಿ ಮಾರ್ಚ್ ಬಂದ್ರೂ ಅಂಗಳದಲ್ಲಿ ಮೊಣಕಾಲುದ್ದ ಹಿಮ. ಅಲ್ಲಿ ಕಾರಿನ ಸೀಟಲ್ಲಿಟ್ರೂ ಸಾಕು, ಡ್ರೈಯರ್ ಬೇಡ, ತಾನೇ ಕರಗುತ್ತೆ. ಸೋಮವಾರ ಅಮ್ಮ ಕಾರು ತುಂಬ್ತಾಳಲ್ಲ, ಆಗ ಹೇಳು, ಇದನ್ನ ಕಂಬಳಿ ಒಳಗೆ ಸುತ್ತಿಡೋಕೆ.

ಏನು?... ನನ್ನ ಜೊತೆ ಹತ್ತು ದಿನ. ಹೌದು, ಜುಲೈನಲ್ಲಿ. ಲೆಕ್ಕ ಹಾಕಿ ನೋಡಿದ್ಯಾ? ಹತ್ತು ದಿನ ಅಂದ್ರೆ ಕಡಿಮೆ ಏನಲ್ಲ ಮರಿ. ಕೆರೆಗೆ ಹೋಗಿ ಮೀನು ಹಿಡಿಯೋಕೆ ಎರಡು ದಿನ, ಲವೋನ್ ಅಜ್ಜಿ ಮನೇಲಿ ಎರಡು ದಿನ... ಉಳಿದದ್ದು ಮಲಗೋಣ. ನಾನೇನ್ ಮಾಡ್ಲಿ, ಕೋರ್ಟಿನವರು ಕೊಟ್ಟಿದ್ದು ಅಷ್ಟು. ಕಾಗದದಲ್ಲಿ ಬಂದಿದೆ. ಮೊಹರು ಹಾಕಿದ್ದಾರೆ.

ಇಲ್ಲ, ಜಡ್ಜನ್ನ ನಾನು ನೋಡೇ ಇಲ್ಲ. ಒಬ್ಬಳು ಹೆಂಗಸು ಬಂದಿದ್ಲು, ರಾಜಿ ಮಾಡ್ಸೋಳು. ಅಮ್ಮನ್ನ ಒಂದು ಕೋಣೇಲಿ ಕೂರ್ಸಿದ್ಲು, ನನ್ನನ್ನ ಇನ್ನೊಂದು ಕೋಣೇಲಿ. ಮಧ್ಯೆ ಆಯಮ್ಮ ಫೈಲು ಹಿಡ್ಕೊಂಡು ಓಡಾಟ. ಒಳ್ಳೇ ಹೆಂಗಸೇ. ಆದ್ರೆ ನಮ್ಮ ಮಿನೆಸೋಟಾದವಳಲ್ಲ. ನ್ಯೂಜೆರ್ಸಿ ಕಡೆಯವಳು.

ಹೇಗೆ ಗೊತ್ತಾಯ್ತು ಅಂತಾನಾ? ಕೇಳು. ಬಂದ ತಕ್ಷಣ, 'ಕಾಫಿ ಬೇಕಾ ಮಿಸ್ಟರ್ ಕರ್ಟ್ ಹಾಲ್ವರ್ಸನ್?' ಅಂದ್ಲು. ಪಕ್ಕದಲ್ಲಿ ನಿಂಬೆ ಬರ್ಫಿ ಬೇರೆ ಇತ್ತು, ಅಜ್ಜಿ ಮಾಡ್ತಾಳಲ್ಲ, ಅಂಥದ್ದೇ. ನಾನು, 'ಬೇಡ ಬೇಡ, ಪರವಾಗಿಲ್ಲ' ಅಂದೆ. ಆಯಮ್ಮ 'ಸರಿ' ಅಂತ ತಟ್ಟೆ, ಜಗ್ಗು ಎರಡನ್ನೂ ಎತ್ಕೊಂಡು ಹೋಗೇಬಿಟ್ಲು! ಹೋಗೇಬಿಟ್ಲು ಬ್ರಿಟ್ಟಾ!

ನಗು, ನಗು. ನನಗೂ ಆಮೇಲೆ ನಗು ಬಂತು. ಮೊದಲನೇ ಸಲಕ್ಕೆ ಯಾರಾದ್ರೂ ಹೂಂ ಅಂತಾರಾ? ಮೊದಲನೇ ಸಲ 'ಬೇಡ, ಈಗಷ್ಟೇ ಊಟ ಆಯ್ತು'. ಎರಡನೇ ಸಲ 'ಅಯ್ಯೋ, ನಿಮಗ್ಯಾಕೆ ತೊಂದರೆ'. ಮೂರನೇ ಸಲ ತಾನೆ 'ಹಾಗಾದ್ರೆ ಚಿಕ್ಕದೊಂದು' ಅನ್ನೋದು? ಭಾನುವಾರ ಚರ್ಚಿನ ನೆಲಮಾಳಿಗೇಲಿ ನೂರು ಜನ ಬೇಡ ಬೇಡ ಅಂತಾನೇ ಮೂರು ತಟ್ಟೆ ಖಾಲಿ ಮಾಡಲ್ವಾ? ಅಮ್ಮ ಆ ಕೋಣೇಲಿ ಇದ್ದಿದ್ರೆ ಹೇಳಿರೋಳು, 'ಕರ್ಟ್ ಬೇಡ ಅಂದ್ರೆ ಸಕ್ಕರೆ ಎಷ್ಟು ಅಂತ ಕೇಳಿ' ಅಂತ. ಗೋಡೆ ಆಚೆ ಇದ್ಲು. ನಾಲ್ಕು ಗಂಟೆ ಕೂತಿದ್ದೆ, ಬಾಯಿ ಒಣಗಿ... ಕೆಂಪು ನೋಡು! ಕೆಂಪು ಇಳೀತಾ ಇದೆ, ಡ್ರೈಯರ್ ಆ ಕಡೆ ಹಿಡಿ.

ಏನಂದೆ?

ಬೇರೆ ಏನೇನು ಕೇಳಿದ್ಲು ಅಂದ್ರೆ... ಅವೇ ಕೋರ್ಟಿನ ಮಾತು. ಮನೆ, ಕಾರು, ವಿಮೆ. ನಿನಗೆ ಅರ್ಥ ಆಗಲ್ಲ. ಬಣ್ಣ ನೋಡು ನೀನು. ಎಷ್ಟು ಚೆನ್ನಾಗಿ ಬಂತು. ನೀಲಿ ಪಕ್ಕದಲ್ಲಿ ಹಳದಿ ಇಡ್ಬೇಡ ಅಂದಿದ್ದೆ, ನೀನು ಇಟ್ಟೆ, ಈಗ ನೋಡಿದ್ರೆ ಅದೇ ಚೆನ್ನಾಗಿದೆ. ಊಟಕ್ಕೆ ಮಾಂಸದ ಹಾಟ್‌ಡಿಶ್ ಒಲೆಯೊಳಗೆ ಇಟ್ಟಿದ್ದೀನಿ, ಮೇಲೆ ಆಲೂಗಡ್ಡೆ ಗರಿಗರಿ ಆಗೋಕೆ ಇನ್ನೂ ಕಾಲು ಗಂಟೆ. ಅಮ್ಮ ಬರೋದು ನಾಲ್ಕಕ್ಕೆ. ತಿಂದ್ಕೊಂಡೇ ಹೋಗ್ಬಹುದು.

ಕ್ರಿಸ್‌ಮಸ್ಸಿಗಾ?

ಕ್ರಿಸ್‌ಮಸ್ಸಿಗೆ ನೀನು ಇಲ್ಲಿಗೆ ಬರೋದು ನನಗೆ ಬೇಕಾ ಅಂತಾನಾ? ಇದೆಂಥ ಪ್ರಶ್ನೆ ಮರಿ. ಅದು... ನೋಡು, ನಿಮಗೆ ಹೇಗೆ ಅನುಕೂಲವೋ ಹಾಗೆ. ನನ್ನದೇನೂ ಇಲ್ಲ. ಅಷ್ಟು ದೂರದಿಂದ, ಚಳೀಲಿ, ವಿಮಾನದಲ್ಲಿ ಒಬ್ಬಳೇ... ಸುಮ್ನೆ ನಿಮಗ್ಯಾಕೆ ತೊಂದರೆ.

ಡ್ರೈಯರ್ ಯಾಕೆ ಆರಿಸಿದೆ? ಇನ್ನೂ ನೇರಳೆ ಬಾಕಿ ಇದೆ.

ಬ್ರಿಟ್ಟಾ?

ಹಾಗೆ ನೋಡ್ಬೇಡ. ಏನಾದ್ರೂ ಅನ್ನು... ಅಪ್ಪಾ ಅನ್ನು, ಪೆದ್ದ ಅನ್ನು. ಅಮ್ಮ ಅಂತಾಳಲ್ಲ, ಹಾಗೆ.

ಸರಿ. ಕೇಳಿದ್ಲು. ಆಯಮ್ಮ ದಿನದ ವಿಷಯನೂ ಕೇಳಿದ್ಲು. ಬೇಸಿಗೆ ರಜೆ ಪೂರ್ತಿ ಬೇಕಾ, ಕ್ರಿಸ್‌ಮಸ್ ಬೇಕಾ ಅಂತ. ಕೋರ್ಟಿನವರು ಅಷ್ಟೇ ಕೊಟ್ಟಿದ್ದು ಅಂತ ನಿನಗೆ ಹೇಳಿದ್ದು... ಅದು ಹಾಗಲ್ಲ. ಈಗ ನಿನಗೆ 'ನಿಮಗೆ ಹೇಗೆ ಅನುಕೂಲವೋ ಹಾಗೆ' ಅಂದೆನಲ್ಲ, ಅವತ್ತೂ ಅದನ್ನೇ ಅಂದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ.

ಇನ್ನೊಂದು ಸಲ ಕೇಳ್ತಾಳೆ ಅಂತ ಕಾಯ್ತಾ ಕೂತಿದ್ದೆ ಮರಿ. ಆಯಮ್ಮ ಆಗ್ಲೇ ಹತ್ತು ದಿನ ಅಂತ ಬರ್ಕೊಂಡಿದ್ಲು.