ಸರಳಿಗೆ ಅಡ್ಡ ಇಟ್ಟ ಕೈ

ಮಕ್ಕಳು ಮಲಗಿದ್ವಾ? ಸರಿ, ಮೆಲ್ಲಗೆ ಹೇಳ್ತೀನಿ. ಇದು ಅವರಿವರ ಬಾಯಲ್ಲಿ ಕೇಳಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗಳು, ಟೈಲರಿಂಗ್ ಅಂಗಡಿ ಅಕ್ಕ ಇದ್ದಾಳಲ್ಲ... ಅವಳಿಗೇ ಆದದ್ದು.

ಆ ರಾತ್ರಿ ಅಕ್ಕ ಅನಾಥಾಲಯದಿಂದ ಒಬ್ಬಳೇ ನಡ್ಕೊಂಡು ಬರ್ತಿದ್ಲು. ಬೀದಿ ಕೊನೇಲಿ ಒಂದು ಹಳೇ ಬಾವಿ. ಯಾರೂ ಬೀಳದಿರಲಿ ಅಂತ ಮರದ ಹಲಗೆ ಮುಚ್ಚಿದ್ದಾರೆ. ಅದರ ಪಕ್ಕಕ್ಕೆ ಬಂದಾಗ... ಟಕ್.

ನಿಂತ್ಲು. ಗಾಳಿ ಇಲ್ಲ. ಒಂದೆಲೆನೂ ಅಲ್ಲಾಡ್ತಿಲ್ಲ.

ಟಕ್... ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ... ಮತ್ತೆ ಟಕ್.

ಬಾವಿ, ಕತ್ತಲೆ ಅಂತೆಲ್ಲ ಹೆದರೋ ಹೆಣ್ಣಲ್ಲ ಅವಳು. ಆದ್ರೂ ಒಂದು ಹೆಜ್ಜೆ ಹಿಂದಕ್ಕೆ ಸರಿದ್ಲು. ಯಾಕಂದ್ರೆ ಆ ಸದ್ದು ಅವಳಿಗೆ ಗುರುತಿತ್ತು.

ಅಂಗಡಿ ಬಾಗಿಲು ಹಾಕಿದ ಮೇಲೆ ಅವಳು ಆ ಅನಾಥಾಲಯಕ್ಕೆ ಹೋಗ್ತಿದ್ಲು. ಸಂಬಳಕ್ಕಲ್ಲ, ತಾನಾಗೇ. ಹಾಲು ಕುಡಿಸೋದು, ತೇಗು ಬರೋವರೆಗೂ ಬೆನ್ನು ತಟ್ಟೋದು, ಒದ್ದೆ ಬಟ್ಟೆ ಬದಲಾಯಿಸೋದು, ತಪ್ಪು ಹೆಜ್ಜೆ ಇಡೋ ಮಕ್ಕಳ ಹಿಂದೆ ಬೆನ್ನು ಬಗ್ಗಿಸಿ ಓಡೋದು. ಅಷ್ಟೊಂದು ಮಕ್ಕಳಿದ್ರೂ ಆ ಕೋಣೇಲಿ ಅಳು ಕಮ್ಮಿ. ಅತ್ತರೆ ಯಾರಾದ್ರೂ ಬರ್ತಾರೆ ಅನ್ನೋ ಮಕ್ಕಳು ತಾನೇ ಅಳೋದು? ಇವು ಅಳೋದನ್ನ ಬಿಟ್ಟೇಬಿಟ್ಟಿದ್ದವು. 

ಅಲ್ಲೊಬ್ಬ ಪುಟಾಣಿ ಇದ್ದ. ಇನ್ನೂ ನಿಲ್ಲೋಕೆ ಬಾರದೋನು. ಮರದ ಸರಳಿನ ತೊಟ್ಟಿಲಲ್ಲಿ ಕೂತು, ನಿದ್ದೆ ಬರೋವರೆಗೂ ತಲೆನ ಹಿಂದಿನ ಸರಳಿಗೆ ಬಡೀತಿದ್ದ. ಟಕ್... ಟಕ್... ತೂಗೋರಿಲ್ಲ ಅಂತ ತನ್ನನ್ನ ತಾನೇ ತೂಗಿಕೊಳ್ತಿದ್ದ, ಪಾಪ. ಆಯಾಗಳು ಅವನಿಗೆ ಬಡಗಿ ಅಂತ ಹೆಸರಿಟ್ಟಿದ್ರು. "ಏಯ್ ಬಡಗೀ, ನಿನ್ನ ಟೈಲರಮ್ಮ ಬಂದ್ಲು ನೋಡೋ!" ಅಂತ ನಗೋರು.

ಅಕ್ಕ ಏನು ಮಾಡಿದ್ಲು ಗೊತ್ತಾ? ಸರಳಿಗೂ ಅವನ ತಲೆಗೂ ನಡುವೆ ಅಂಗೈ ಅಡ್ಡ ಇಟ್ಲು. ಅವನು ಬಡಿದ. ಸದ್ದು ಬರಲಿಲ್ಲ. ತಿರುಗಿ ನೋಡಿದ. ಮತ್ತೆ ಬಡಿದ. ಆಮೇಲೆ ತಲೆಯನ್ನ ಅವಳ ಕೈಯಲ್ಲೇ ಬಿಟ್ಟು ನಿದ್ದೆ ಹೋದ. ಅಲ್ಲಿಂದ ಮುಂದೆ ಇದೇ ಅಭ್ಯಾಸವಾಯ್ತು. ಸರಳು ಒತ್ತಿ ಒತ್ತಿ ಅವಳ ಕೈಯ ಹಿಂಬದಿ ಉದ್ದಕ್ಕೆ ಒಂದು ನೀಲಿ ಪಟ್ಟಿ ಬಿದ್ದಿತ್ತು. ನಾನೇ ನೋಡಿದ್ದೆ.

ಮನೇಲಿ ಗಂಡನ್ನ, ಅಂದ್ರೆ ನಮ್ಮ ಭಾವನ್ನ, ಕೇಳಿದ್ಲು. ಭಾವ ಬಸ್ ಓಡಿಸ್ತಾರೆ. ಕೆಟ್ಟೋರಲ್ಲ, ಎಲ್ಲದಕ್ಕೂ ನಿಧಾನ ಅಷ್ಟೆ.

"ಅವನನ್ನ ನಮ್ಮನೆಗೇ ತಂದ್ಕೊಳ್ಳೋಣ ರೀ."

"ನೋಡೋಣ ಬಿಡು."

"ಯಾವಾಗ ನೋಡೋದು?"

"ನೋಡೋಣ ಅಂದ್ನಲ್ಲ..."

ಅತ್ತ ದೊಡ್ಡ ಆಯಾ ಅವಳನ್ನ ಪಕ್ಕಕ್ಕೆ ಕರೆದು ಅಂದ್ಲು, "ಮನೆಗೆ ಕರ್ಕೊಂಡು ಹೋಗೋದಾದ್ರೆ ಬೇಗ ಕರ್ಕೊಂಡು ಹೋಗಮ್ಮ. ಇಲ್ಲಾಂದ್ರೆ ಹೀಗೆ ಹಚ್ಕೋಬೇಡ. ಆಮೇಲೆ ಅನುಭವಿಸೋದು ನೀನಲ್ಲ, ಅವನು."

ಅಕ್ಕನಿಗೂ ಅದು ನಿಜ ಅನ್ನಿಸ್ತು. ಅವನ ಒಳ್ಳೇದಕ್ಕೇ ಅಂತ ಹೋಗೋದು ಬಿಟ್ಲು. ಹೊಲಿದ ರವಿಕೆನೇ ಬಿಚ್ಚಿ ಮತ್ತೆ ಹೊಲೀತಾ ಕೂತ್ಲು. ಕೊನೆಗೆ ತಡ್ಕೊಳ್ಳೋಕೆ ಆಗದೆ ಆ ಸಂಜೆ ಮಿಷನ್ ಬಿಟ್ಟು ಎದ್ದು ಓಡಿದ್ಲು.

ತೊಟ್ಟಿಲು ಖಾಲಿ. ಹಾಸಿಗೆ ಸುತ್ತಿಟ್ಟಿದ್ರು.

"ಜ್ವರ ಬಂತು ಕಣಮ್ಮ," ಅಂದ್ಲು ದೊಡ್ಡ ಆಯಾ. "ಎದೆಗೆ ಕಫ ಕಟ್ತು. ಆಸ್ಪತ್ರೆಗೆ ಒಯ್ದ್ವಿ... ಉಳೀಲಿಲ್ಲ."

"ಬಡೀತಿದ್ನಾ?"

"ಹ್ಞೂಂ. ದಿಂಬು ಇಟ್ರೆ ತಳ್ಳಿಬಿಡೋನು. ಒಂದ್ಸಲ ಬಡಿದು ಸುಮ್ಮನಾಗೋನು. ಕಾಯೋನು. ಮತ್ತೆ ಬಡಿಯೋನು..."

ಅದನ್ನ ಕೇಳಿಸ್ಕೊಂಡು ವಾಪಸ್ ಬರ್ತಿದ್ದೋಳಿಗೆ ಅದೇ ಸದ್ದು ಈಗ ಬಾವಿ ಹಲಗೆಯಿಂದ ಕೇಳಿಸ್ತಿತ್ತು. ಅಕ್ಕ ಬಿದ್ದಂಬೀಳ ಓಡಿದ್ಲು. ಮನೆ ಸೇರಿ ಚಿಲಕ ಹಾಕಿದ್ಲು. ಭಾವನಿಗೆ ವಿಷಯ ಹೇಳಿದ್ಲು. ಇಬ್ರೂ ದೀಪ ಆರಿಸಿ ಮಲಗಿದ್ರು.

ಟಕ್... ಮಂಚದ ತಲೆಹಲಗೆಯಿಂದ.

"ಕೇಳಿಸ್ತಾ?"

"ಇಲ್ಲ," ಅಂದ್ರು ಭಾವ. ಹೊದಿಕೆನ ಮಾತ್ರ ತಲೆವರೆಗೂ ಎಳ್ಕೊಂಡ್ರು.

ಟಕ್...

ಆಗ ಅಕ್ಕನಿಗೆ ಹೆದರಿಕೆಯೆಲ್ಲ ಹೋಗಿ ಅಳು ಬಂತಂತೆ. ಕತ್ತಲಲ್ಲೇ ಕೈ ಚಾಚಿ ಹಲಗೆಗೆ ಅಡ್ಡ ಇಟ್ಲು. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅಂಗೈ ಮೇಲೆ ಬೆಚ್ಚಗೆ, ಒಂದು ಪುಟ್ಟ ಭಾರ... ಬೆಳಗಾಗೋವರೆಗೂ ಅವಳು ಕೈ ತೆಗೀಲಿಲ್ಲ.

ಅಲ್ಲಿಂದ ಇಲ್ಲೀವರೆಗೆ ಅವಳು ಮಲಗೋದೇ ಹಾಗೆ. ಅನಾಥಾಲಯಕ್ಕೂ ಮತ್ತೆ ಹೋಗ್ತಾಳೆ. ಕೆಲವು ಸಲ ಕಾಯಿಲೆ ಮಕ್ಕಳ ಹತ್ರ ರಾತ್ರಿಯೆಲ್ಲ ಇದ್ದುಬಿಡ್ತಾಳೆ.

ಮೊನ್ನೆ ನಾನು ಭಾವನ ಬಸ್ಸಲ್ಲಿ ಮುಂದಿನ ಸೀಟಲ್ಲೇ ಕೂತಿದ್ದೆ. ಗೇರ್ ಮೇಲೆ ಅವರ ಎಡಗೈ. ಕೈಯ ಹಿಂಬದಿ ಉದ್ದಕ್ಕೆ ನೀಲಿ ಪಟ್ಟಿ.

"ಏನಿದು ಭಾವ?"

ಅವರು ರಸ್ತೆ ಮೇಲಿನ ಕಣ್ಣು ತೆಗೀಲಿಲ್ಲ. "ಅವಳಿಲ್ಲದ ರಾತ್ರಿ... ಯಾರಾದ್ರೂ ಇಡ್ಬೇಕಲ್ಲಪ್ಪ," ಅಂದ್ರು.

ನಂಬೋರು ನಂಬಿ, ಬಿಡೋರು ಬಿಡಿ. ನಾನಂತೂ ಅವರ ಮನೆಗೆ ಹೋಗಿ ಆ ಮಂಚದ ತಲೆಹಲಗೆ ಪೂರ್ತಿ ಕೈಯಾಡಿಸಿ ನೋಡಿದ್ದೀನಿ. ಸಪಾಟಾಗಿದೆ, ಒಂದೇ ಹಲಗೆ. ಕೈ ಮೇಲೆ ಪಟ್ಟಿ ಬೀಳೋಕೆ ಅದರಲ್ಲಿ ಎಲ್ಲೂ ಸರಳಿಲ್ಲ.