ಒಂದು ಗೇಣು ನೀರು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನೀರಾವರಿ ಇಲಾಖೆಯ ಸಹೋದ್ಯೋಗಿಗಳೇ, ಎರಡನೇ ಸಾಲಿನಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಕಣ್ಣಲ್ಲೇ ಹೇಳುತ್ತಿರುವ ನನ್ನ ಮನೆಯವರೇ, ಸಭಿಕರೇ,

ಇಂದು ನಿವೃತ್ತನಾಗುತ್ತಿರುವ ನಾನು ಮೂವತ್ತನಾಲ್ಕು ವರ್ಷ ಮಾಡಿದ್ದು ಒಂದೇ ಕೆಲಸ. ಬೆಳಿಗ್ಗೆ ಆರಕ್ಕೆ ಗಡಿಹೊಳೆಯ ಮೆಟ್ಟಿಲಿಳಿದು, ಕಂಬಕ್ಕೆ ಹೊಡೆದ ಅಳತೆಪಟ್ಟಿ ನೋಡಿ ನೀರಿನ ಮಟ್ಟ ಬರೆಯುವುದು. ಆಚೆ ದಡ ಬೇರೆ ದೇಶ. ಅಲ್ಲಿಯೂ ಅಂಥದೇ ಕಂಬ. ನೋಡಿಕೊಳ್ಳಲು ನನಗಿಂತ ಹಿರಿಯರಾದ ಒಬ್ಬ ಹೆಂಗಸು. ಇಬ್ಬರೂ ದಿನವೂ ಫೋನಿನಲ್ಲಿ ಅಂಕಿ ಹೋಲಿಸಬೇಕೆಂಬುದು ಹಳೆಯ ಒಪ್ಪಂದ. ಅಂಕಿಗೆ ಅರ್ಧ ನಿಮಿಷ ಸಾಕು. ಉಳಿದ ಹತ್ತು ನಿಮಿಷ ನನ್ನ ಕೆಮ್ಮು, ಅವರ ಮಂಡಿನೋವು. ‘ನನ್ನ ಹತ್ರ ಇಷ್ಟು ಮಾತಾಡಿದ್ರೆ ನಾನು ಉದ್ಧಾರ ಆಗ್ತಿದ್ದೆ’ ಎಂದು ನನ್ನ ಹೆಂಡತಿ ಗೊಣಗುತ್ತಿದ್ದಳು.

ಒಂದು ವರ್ಷ ಪ್ರವಾಹ ಬಂದು ನಮ್ಮ ಪಟ್ಟಿ ಕಿತ್ತುಹೋಯಿತು. ನಾನೇ ಮತ್ತೆ ಮೊಳೆ ಹೊಡೆದೆ. ಅಂದಿನಿಂದ ನಮ್ಮ ಪಟ್ಟಿ ನೀರನ್ನು ಒಂದು ಗೇಣು ಕಡಿಮೆ ತೋರಿಸತೊಡಗಿತು. ‘ಮೇಲಿನ ಕಾಲುವೆಯಿಂದ ಆಚೆಯವರು ನಮ್ಮ ಪಾಲು ಕದಿಯುತ್ತಿದ್ದಾರೆ’ ಎಂದು ನಮ್ಮ ರಾಜಕಾರಣಿಗಳು ಮೂರು ಚುನಾವಣೆಗಳಲ್ಲಿ ಹೇಳುತ್ತಲೇ ಬಂದಿದ್ದರು. ಈಗ ಅವರ ಕೈಗೆ ನನ್ನ ಅಂಕಿ ಸಿಕ್ಕಿತು. ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಸುಳ್ಳೇಕೆ ಹೇಳಲಿ, ಹತ್ತು ಪ್ರತಿ ಕೊಂಡು ತಂದೆ.

ಒಂದು ಬೆಳಿಗ್ಗೆ ಫೋನಿನಲ್ಲಿ ಆಚೆ ದಡದ ಅಕ್ಕ ಹೇಳಿದರು: ‘ತಮ್ಮಾ, ನಿನ್ನ ಪಟ್ಟಿ ಒಂದ್ಸಲ ಅಳೆದು ನೋಡ್ಕೋ. ಪ್ರವಾಹ ಆದ್ಮೇಲೆ ನೀನೇ ಅಲ್ವಾ ಹೊಡ್ದಿದ್ದು?’

‘ನೀವೂ ನಿಮ್ಮೋರ ಥರಾನೇ ಮಾತಾಡ್ತೀರಲ್ಲ ಅಕ್ಕ’ ಎಂದು ಫೋನಿಟ್ಟೆ. ಮರುದಿನವೇ ಆಚೆಗೆ ಫೋನ್ ಮಾಡಕೂಡದೆಂದು ಆದೇಶ ಬಂತು. ಆ ಸಂಜೆ ಟೇಪು ಹಿಡಿದು ಅಳೆದೆ. ಪಟ್ಟಿಯನ್ನು ಒಂದು ಗೇಣು ಮೇಲೆ ಹೊಡೆದಿದ್ದೆ; ನೀರು ಇದ್ದಷ್ಟೇ ಇತ್ತು.

ಯಾರಿಗೆ ಹೇಳಲಿ? ಹೇಳಿದರೆ ಕೆಲಸ ಉಳಿಯುತ್ತಿತ್ತೆ? ಹೇಳಲಿಲ್ಲ.

ಎರಡು ದೇಶಗಳ ಕೊನೆಯ ಮಾತುಕತೆಗೆ ನನ್ನನ್ನೂ ಕರೆದೊಯ್ದರು. ಉದ್ದನೆಯ ಮೇಜು, ಎರಡೂ ಕಡೆ ಮಂತ್ರಿಗಳು, ಹಿಂದಿನ ಕುರ್ಚಿಯಲ್ಲಿ ನಾನು. ‘ನಾಳೆ ಎಲ್ಲರೂ ಹೋಗಿ ಎರಡೂ ಪಟ್ಟಿ ಅಳೆಯೋಣ’ ಎಂದರು ಆಚೆಯವರು. ನಮ್ಮ ಮಂತ್ರಿಗಳು ಇಂಜಿನಿಯರ್ ಸಾಹೇಬರನ್ನು ನೋಡಿದರು. ಸಾಹೇಬರು ನನ್ನ ಕಡೆ ಬಾಗಿದರು. ಅಧ್ಯಕ್ಷರೇ, ಆ ಸಾಹೇಬರು ತಾವೇ.

‘ಪಟ್ಟಿ ಸರಿ ಇದೆ ಅಲ್ವೇನಯ್ಯಾ?’ ಎಂದಿರಿ.

‘ಇದೆ ಸಾರ್’ ಎಂದೆ.

‘ಹಾಗಾದರೆ ಅಳೆಯುವುದು ನಮಗೆ ಅವಮಾನ’ ಎಂದು ಮಂತ್ರಿಗಳು ಎದ್ದರು. ಹನ್ನೆರಡನೇ ದಿನ ಕಾಲುವೆ ಹಿಡಿಯಲು ನಮ್ಮ ಸೇನೆ ಹೊಳೆ ದಾಟಿತು. ನೆರೆಯ ದೇಶಗಳು ಎರಡು ಅವರ ಕಡೆ, ಮೂರು ನಮ್ಮ ಕಡೆ ಸೇರಿಕೊಂಡವು. ಯುದ್ಧ ಎರಡು ವರ್ಷ ನಡೆಯಿತು. ನನ್ನ ಕೊನೆಯ ತಮ್ಮ ಮೊದಲ ವಾರದಲ್ಲೇ ಸೇತುವೆಯ ಮೇಲೆ ತೀರಿಕೊಂಡ. ಯುದ್ಧ ತರುವಷ್ಟು ದೊಡ್ಡವನು ನಾನಲ್ಲ, ಅದು ನನಗೆ ಗೊತ್ತು. ಅದನ್ನು ಬೇಕೆಂದವರು ಬಹಳ ಮಂದಿ ಇದ್ದರು. ಆದರೆ ಆ ಮೇಜಿನ ಮುಂದೆ ಒಂದು ದಿನ ತಡೆಯಬಹುದಾಗಿತ್ತು. ಒಂದು ದಿನ ಸಾಕಾಗುತ್ತಿತ್ತೋ ಏನೋ.

ಯುದ್ಧ ನಿಂತ ಮೇಲೆ ಆಚೆ ದಡಕ್ಕೆ ಹೋದೆ. ಅಕ್ಕನ ಕೋಣೆಗೆ ಸೂರಿರಲಿಲ್ಲ. ಊರೆಲ್ಲ ಖಾಲಿಯಾದರೂ, ಆರು ಗಂಟೆಯ ಮಟ್ಟ ಬರೆದು ಬರುತ್ತೇನೆಂದು ಉಳಿದವರು ಅಲ್ಲೇ ತೀರಿಕೊಂಡರಂತೆ. ಅವರ ಕಂಬ ನಿಂತಿತ್ತು. ಅಳೆದೆ. ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಈಚೆ ಬಂದು ನಮ್ಮ ಪಟ್ಟಿಯನ್ನು ಸದ್ದಿಲ್ಲದೆ ಕೆಳಗಿಳಿಸಿದೆ. ಮರುದಿನ ನೀರು ಒಂದು ಗೇಣು ಏರಿತು. ‘ಯೋಧರ ಬಲಿದಾನ ನೀರು ತಂದಿತು’ ಎಂದು ಪತ್ರಿಕೆಗಳು ಬರೆದವು. ನನ್ನ ತಮ್ಮನ ಹೆಂಡತಿ ಆ ಹಾಳೆಯನ್ನು ಕತ್ತರಿಸಿ ಅವನ ಫೋಟೋದ ಪಕ್ಕ ಅಂಟಿಸಿಕೊಂಡಿದ್ದಾಳೆ. ಅವಳು ಇಂದು ಇಲ್ಲಿಗೆ ಬಂದಿದ್ದಾಳೆ. ತಾಯಿ, ಆ ನೀರು ತಂದದ್ದು ನಿನ್ನ ಗಂಡನಲ್ಲ. ನನ್ನ ಸುತ್ತಿಗೆ, ನಾಲ್ಕು ಮೊಳೆ.

ದಾಖಲೆ ತಿದ್ದಬೇಕೆಂದು ಅರ್ಜಿ ಬರೆದು ತಂದಿದ್ದೇನೆ. ತೆಗೆದುಕೊಳ್ಳಿ ಸಾರ್... ಆಗಲಿ, ಮೇಜಿನ ಮೇಲೆ ಇಟ್ಟಿರುತ್ತೇನೆ.

ಇಷ್ಟು ಹೊತ್ತು ಎದ್ದುಹೋಗದೆ ಕೇಳಿದ್ದಕ್ಕೆ ನಿಮ್ಮೆಲ್ಲರಿಗೂ ಋಣಿ. ನಮಸ್ಕಾರ.